ಸೀರಿಯಲ್ ಪೋರ್ಟ್: ‘ರೀಡ್’ ಏಕೆ ಮರಳುವುದಿಲ್ಲ?

ತೂಕದ ಯಂತ್ರವನ್ನು ಲಿನಕ್ಸ್ ಗಣಕದ ಸೀರಿಯಲ್ ಪೋರ್ಟಿಗೆ ಜೋಡಿಸಿ, ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದಿದ್ದೀರಿ. ‘ರೀಡ್’ ಆದೇಶಕ್ಕೆ ಬಂದೊಡನೆ ಅದು ನಿಂತುಬಿಡುತ್ತದೆ. ಯಂತ್ರದ ತಂತಿ ಕಳಚಿದ್ದರೂ ನಿಮಗೆ ತಿಳಿಯುವುದಿಲ್ಲ.

ಮೊದಲು ಪೋರ್ಟನ್ನು ಪರೀಕ್ಷಿಸಿ. ಯಂತ್ರವನ್ನು ಬೇರ್ಪಡಿಸಿ, 9 ಪಿನ್ನಿನ ಪೋರ್ಟಿನ 2 ಮತ್ತು 3ನೇ ಪಿನ್ನುಗಳನ್ನು ಒಂದಕ್ಕೊಂದು ಸೇರಿಸಿ. ಕಳುಹಿಸಿದ ಅಕ್ಷರಗಳು ಮರಳಿ ಬಂದರೆ ಪೋರ್ಟ್ ಸರಿಯಿದೆ. ಬಳಿಕ ಯಂತ್ರವನ್ನು ಮತ್ತೆ ಜೋಡಿಸಿ, ಎರಡೂ ಕಡೆಯ ಬಾಡ್ ದರ ಒಂದೇ ಎಂದು ಖಚಿತಪಡಿಸಿಕೊಳ್ಳಿ.

ಆಮೇಲೂ ‘ರೀಡ್’ ಮರಳದಿದ್ದರೆ ಟರ್ಮಿಯೋಸ್ ನೋಡಿ. ಐಕ್ಯಾನನ್ ಇದ್ದಾಗ ಸಾಲಿನ ಅಂತ್ಯಚಿಹ್ನೆ ಬರುವವರೆಗೆ ‘ರೀಡ್’ ಕಾಯುತ್ತದೆ. ಅದನ್ನು ತೆಗೆದರೆ ವಿಮಿನ್ ಮತ್ತು ವಿಟೈಮ್ ಜಾರಿಗೆ ಬರುತ್ತವೆ. ವಿಮಿನ್ ಎಂದರೆ ಕನಿಷ್ಠ ಬೈಟ್‌ಗಳ ಸಂಖ್ಯೆ. ವಿಟೈಮ್ ಎಂದರೆ ಕಾಯುವ ಅವಧಿ, ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ.

ವಿಮಿನ್ 5, ವಿಟೈಮ್ 10 ಎಂದಿಟ್ಟರೆ 1 ಸೆಕೆಂಡಿನಲ್ಲಿ ಮರಳುತ್ತದೆಂದು ನಂಬಬೇಡಿ. ಮೊದಲ ಬೈಟ್ ಬಂದ ಮೇಲಷ್ಟೇ ಅವಧಿಯ ಎಣಿಕೆ ಆರಂಭ. ಬೈಟೇ ಬಾರದಿದ್ದರೆ ಕಾಯುವುದು ಮುಗಿಯದು. ವಿಮಿನ್ 0, ವಿಟೈಮ್ 10 ಇಡಿ. 1 ಸೆಕೆಂಡಿನವರೆಗೆ ಏನೂ ಬಾರದಿದ್ದರೆ ‘ರೀಡ್’ 0 ಕೊಟ್ಟು ಮರಳುತ್ತದೆ; ಆಗ ಎಚ್ಚರಿಕೆ ತೋರಿಸಬಹುದು.

ಒಂದು ಮಾತು ನೆನಪಿಡಿ: ಈಗ ಬೈಟ್‌ಗಳು ತುಂಡುತುಂಡಾಗಿ ಸಿಗಬಹುದು. 52 ಕಿಲೋ ತೂಕ 5 ಎಂದು ದಾಖಲಾಗದಿರಲು, ಯಂತ್ರದ ಅಂತ್ಯಚಿಹ್ನೆ ಸಿಗುವವರೆಗೆ ಅವನ್ನು ಕೂಡಿಸಿಕೊಳ್ಳಿ.