ಹಳೆಯ ಗಾಳದ ಕೋಲು: ಮಾಡಿದವರ ಗುರುತು ಹಿಡಿಯುವ ಬಗೆ

ಇಂಗ್ಲೆಂಡಿನಲ್ಲಾಗಲಿ ಅಮೆರಿಕದಲ್ಲಾಗಲಿ ಮನೆಯ ಹಿರಿಯರೊಬ್ಬರು ತೀರಿಕೊಂಡ ತರುವಾಯ ಅಟ್ಟವನ್ನು ಶೋಧಿಸುವ ಮಕ್ಕಳ ಕೈಗೆ ಕೆಲವೊಮ್ಮೆ ಉದ್ದನೆಯ ಬಟ್ಟೆಯ ಚೀಲವೊಂದು ಸಿಕ್ಕುವುದುಂಟು. ಚೀಲದೊಳಗೆ ಮೂರು ನಾಲ್ಕು ಬಿದಿರಿನ ತುಂಡುಗಳು. ಒಂದರ ಬುಡಕ್ಕೆ ಬೆಂಡಿನ ಹಿಡಿ. ಕೊನೆಗಳಲ್ಲಿ ಮಾಸಿದ ಲೋಹದ ಕೊಳವೆಗಳು. ಅಲ್ಲಲ್ಲಿ ಸಡಿಲಗೊಂಡ ರೇಷ್ಮೆಯ ದಾರ. ಮಾಡಿದವರ ಹೆಸರಿಲ್ಲ, ಊರಿಲ್ಲ. ಅದು ತೋಟದ ಬಳ್ಳಿಗೆ ಆಸರೆಯಾಗಲಷ್ಟೇ ಯೋಗ್ಯವಾದ ಕೋಲಾಗಿರಬಹುದು. ಇಲ್ಲವೇ ಸಂಗ್ರಾಹಕರು ಹಲವು ಸಾವಿರ ಡಾಲರುಗಳನ್ನು ತೆತ್ತು ಕೊಳ್ಳುವ ಅಪೂರ್ವ ಕೃತಿಯಾಗಿರಬಹುದು. ಈ ವ್ಯತ್ಯಾಸವನ್ನರಿಯದೆ, ಅಂದಗಾಣಿಸುವ ಉತ್ಸಾಹದಲ್ಲಿ ಉಜ್ಜುಕಾಗದದಿಂದ ತಿಕ್ಕಿ ಹೊಸ ವಾರ್ನಿಷ್ ಬಳಿದವರು ಕೊಳೆಯೊಡನೆ ಕುಶಲಕರ್ಮಿಯ ಸಹಿಯನ್ನೂ ಅಳಿಸಿಹಾಕಿದ ನಿದರ್ಶನಗಳು ವಿರಳವೇನಲ್ಲ.

ಬ್ಯಾಂಕಿನಲ್ಲಿ ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಡನೆ ಹೋಲಿಸುವಾಗ ಕೇವಲ ಅಕ್ಷರಗಳನ್ನು ಓದಿದರೆ ಸಾಲದು. ಬರೆದ ಕೈಯ ಓಟವನ್ನು ಗಮನಿಸಬೇಕು. ಹಳೆಯ ಗಾಳದ ಕೋಲುಗಳ ಪರೀಕ್ಷೆಯೂ ಅಂತಹುದೇ. ಹೆಸರು ಅಳಿಸಿಹೋಗಬಹುದು, ಸುಳ್ಳಾಗಿರಲೂಬಹುದು. ಕೋಲಿನ ಮೈಮೇಲಿರುವ ಕೈಗೆಲಸ ಮಾತ್ರ ಸುಲಭವಾಗಿ ಸುಳ್ಳಾಡದು.

ಕೋಲಿನ ರಚನೆ

ನಮ್ಮ ಹೊಳೆಕೆರೆಗಳಲ್ಲಿ ಎರೆಹುಳು ಸಿಕ್ಕಿಸಿ ಗಾಳ ಹಾಕುವ ಕ್ರಮಕ್ಕೂ ಫ್ಲೈ ಫಿಷಿಂಗ್ ಎಂಬ ಕಲೆಗೂ ಅಂತರವಿದೆ. ಇಲ್ಲಿ ಗಾಳಕ್ಕೆ ಗರಿ, ತುಪ್ಪಟ, ರೇಷ್ಮೆಗಳನ್ನು ಸುತ್ತಿ ನೊಣದ ಆಕಾರವನ್ನು ಕೊಟ್ಟಿರುತ್ತಾರೆ. ಇದಕ್ಕೆ ತೂಕವೇ ಇಲ್ಲದ್ದರಿಂದ ಎಸೆದರೆ ದೂರ ಹೋಗದು. ಭಾರವಿರುವುದು ದಾರದಲ್ಲಿ, ಆ ದಾರವನ್ನು ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬೀಸಿ ನೀರಿನ ಮೇಲೆ ಹಗುರವಾಗಿ ಇಳಿಸುವುದು ಕೋಲಿನ ಬಾಗುಬಳುಕಿನ ಕೆಲಸ. ಆದ್ದರಿಂದಲೇ ಕೋಲಿನ ತಯಾರಿಕೆ ಒಂದು ಸೂಕ್ಷ್ಮ ವಿದ್ಯೆಯಾಗಿ ಬೆಳೆಯಿತು.

ಮೊದಲಿಗೆ ಹಿಕ್ಕರಿ, ಲ್ಯಾನ್ಸ್‌ವುಡ್, ಗ್ರೀನ್‌ಹಾರ್ಟ್ ಮುಂತಾದ ಮರಗಳಿಂದ ಕೋಲುಗಳನ್ನು ಮಾಡುತ್ತಿದ್ದರು. 19ನೆಯ ಶತಮಾನದ ನಡುಭಾಗದ ಹೊತ್ತಿಗೆ ಸೀಳುಬಿದಿರಿನ ಕೋಲು ಬಳಕೆಗೆ ಬಂತು. 1840ರ ದಶಕದಲ್ಲಿ ಈ ಕೆಲಸಕ್ಕೆ ಕೈಹಾಕಿದ ಪೆನ್ಸಿಲ್ವೇನಿಯದ ಈಸ್ಟನ್ ಪಟ್ಟಣದ ಬಂದೂಕು ತಯಾರಕ ಸ್ಯಾಮ್ಯುಯೆಲ್ ಫಿಲಿಪ್‌ನನ್ನು ಅಮೆರಿಕದಲ್ಲಿ ಇದರ ಮೂಲಪುರುಷನೆಂದು ಗೌರವಿಸುತ್ತಾರೆ. ಬಿದಿರಿನ ಗಳುವನ್ನು ದಬ್ಬೆಗಳಾಗಿ ಸೀಳಿ, ಪ್ರತಿಯೊಂದು ದಬ್ಬೆಯನ್ನೂ ಮುಮ್ಮೂಲೆಯಾಗಿ ಹೆರೆದು, ಬುಡದಿಂದ ತುದಿಗೆ ಸಣ್ಣದಾಗಿಸುತ್ತ, ಅಂತಹ ಆರು ದಬ್ಬೆಗಳನ್ನು ಸರೇಸಿನಿಂದ ಅಂಟಿಸಿದರೆ ಆರು ಮುಖದ ಗಟ್ಟಿಕೋಲು ಸಿದ್ಧವಾಗುತ್ತದೆ. ಬಿದಿರಿನ ಹೊರಮೈಯ ಬಲವಾದ ನಾರೆಲ್ಲವೂ ಹೊರಗೇ ಉಳಿಯುತ್ತದೆ. ಹೆರೆಯುವಾಗ ಇಂಚಿನ ಸಾವಿರದಲ್ಲೊಂದು ಪಾಲಿನ ಲೆಕ್ಕವನ್ನು ಕುಶಲಕರ್ಮಿ ಗಮನಿಸುತ್ತಾನೆ.

ಮುಖಗಳನ್ನು ಎಣಿಸುವುದೇ ಪರೀಕ್ಷಕನ ಮೊದಲ ಹೆಜ್ಜೆ. ಬಹುಪಾಲು ಕೋಲುಗಳಿಗೆ ಆರು ಮುಖ. ನಾಲ್ಕೇ ಮುಖಗಳಿದ್ದರೆ ವಿಲಿಯಂ ಎಡ್ವರ್ಡ್ಸ್‌ನ ‘ಕ್ವಾಡ್ರೇಟ್’ ನೆನಪಾಗಬೇಕು. ಐದು ಮುಖಗಳಿದ್ದರೆ ನ್ಯಾಟ್ ಉಸ್ಲಾನ್ ಮೊದಲಾದ ಕೆಲವೇ ಹೆಸರುಗಳು ಉಳಿಯುತ್ತವೆ.

ಬಿದಿರು ನುಡಿಯುವ ಸಾಕ್ಷ್ಯ

ಆರಂಭಕಾಲದ ಸೀಳುಬಿದಿರಿನ ಕೋಲುಗಳಲ್ಲಿ ಬಹಳಷ್ಟು ಭಾರತದ ಬಿದಿರಿನಿಂದ ಆದವು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದ ಸಂಗತಿ. ನಾವು ಗಂಡುಬಿದಿರು ಎಂದು ಕರೆಯುವ ಜಾತಿಯ ಗಳುಗಳು ಕಲ್ಕತ್ತೆಯ ಬಂದರಿನಿಂದ ಹಡಗೇರಿ ಇಂಗ್ಲೆಂಡ್, ಅಮೆರಿಕಗಳನ್ನು ಸೇರುತ್ತಿದ್ದವು. ಅವು ಕಲ್ಕತ್ತೆಯಲ್ಲಿ ಬೆಳೆದವಲ್ಲವಾದರೂ ‘ಕಲ್ಕತ್ತ ಬಿದಿರು’ ಎಂಬ ಹೆಸರೇ ನಿಂತಿತು. ಕಡಿದವರ ಹೆಸರಂತೂ ಎಲ್ಲಿಯೂ ಇಲ್ಲ. ಇವುಗಳ ಮೇಲೆ ಬೆಂಕಿಯಲ್ಲಿ ಸುಟ್ಟ ಕಂದುಮಚ್ಚೆಗಳಿರುತ್ತಿದ್ದವು. 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಚೀನದ ಗುವಾಂಗ್‌ಡಾಂಗ್ ಪ್ರಾಂತದ ‘ಟಾಂಕಿನ್’ ಬಿದಿರು ಇದರ ಸ್ಥಾನವನ್ನು ಆಕ್ರಮಿಸಿತು. ಅದರ ನಾರು ದಟ್ಟ, ಗೆಣ್ಣುಗಳ ನಡುವಣ ಅಂತರ ಹೆಚ್ಚು. ವಿನೋದವೆಂದರೆ, ಅದು ಬೆಳೆಯುವುದೂ ವಿಯೆಟ್ನಾಮಿನ ಟಾಂಕಿನ್ ಪ್ರದೇಶದಲ್ಲಲ್ಲ. ಎರಡು ಬಿದಿರು, ಎರಡಕ್ಕೂ ಊರು ತಪ್ಪಿದ ಹೆಸರು!

ಕಲ್ಕತ್ತ ಬಿದಿರಿನ ಕೋಲು ಸಾಮಾನ್ಯವಾಗಿ ಹಳೆಯದು. ಆದರೆ ಸುಟ್ಟ ಗುರುತೊಂದನ್ನೇ ನಂಬಿ ತೀರ್ಮಾನಿಸಲಾಗದು. ಡೆಟ್ರಾಯಿಟ್ ನಗರದ ಪಾಲ್ ಯಂಗ್ ಟಾಂಕಿನ್ ಬಿದಿರನ್ನೇ ಬೆಂಕಿಯಲ್ಲಿ ಹದಗೊಳಿಸುತ್ತಿದ್ದುದರಿಂದ ಆತನ ಕೋಲುಗಳ ಮೈಯೂ ಕಪ್ಪುಮಿಶ್ರಿತ ಕಂದು. ಅತ್ತ ವರ್ಮಾಂಟ್ ರಾಜ್ಯದ ಆರ್ವಿಸ್ ಸಂಸ್ಥೆಯಲ್ಲಿ ವೆಸ್ ಜೋರ್ಡನ್ 1940ರ ದಶಕದಲ್ಲಿ ಬಿದಿರಿನೊಳಕ್ಕೆ ಬೇಕಲೈಟ್ ರಾಳವನ್ನು ಇಳಿಸುವ ಕ್ರಮವನ್ನು ರೂಢಿಗೆ ತಂದನು. ಆ ಕೋಲುಗಳೂ ಗಾಢವಾದ ಕಂದು. ಆದರೆ ಅವಕ್ಕೆ ಹೊರಗಿನಿಂದ ವಾರ್ನಿಷ್ ಬೇಕಿಲ್ಲ. ಹೀಗೆ ಒಂದೇ ಬಣ್ಣಕ್ಕೆ ಮೂರು ಕಾರಣಗಳು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆ ಕಂದುಬಣ್ಣಕ್ಕೂ ಸಲ್ಲುತ್ತದೆ.

ಲೋಹ ಮತ್ತು ದಾರ

ತುಂಡುಗಳನ್ನು ಒಂದರೊಳಗೊಂದು ಸೇರಿಸುವ ಲೋಹದ ಕೊಳವೆಗೆ ಫೆರೂಲ್ ಎನ್ನುತ್ತಾರೆ. ಉತ್ತಮ ಕುಶಲಕರ್ಮಿಗಳು ಇದನ್ನು ಜರ್ಮನ್ ಸಿಲ್ವರಿನಿಂದ ಮಾಡುತ್ತಿದ್ದರು; ಅಗ್ಗದ ಕೋಲುಗಳಲ್ಲಿ ಮುಲಾಮು ಹಾಕಿದ ಹಿತ್ತಾಳೆ. ಮುಲಾಮು ಸವೆದು ಹಳದಿ ಇಣುಕುತ್ತಿದ್ದರೆ ಕೋಲಿನ ದರ್ಜೆ ಅರ್ಧ ತಿಳಿದಂತೆಯೇ. ಫೆರೂಲಿನ ಮೇಲೆ ಪೇಟೆಂಟಿನ ವರ್ಷವನ್ನು ಒತ್ತಿದ್ದರೆ ಅದನ್ನು ತಯಾರಿಕೆಯ ವರ್ಷವೆಂದು ಭಾವಿಸುವುದು ಸಾಮಾನ್ಯವಾದ ತಪ್ಪು. ಹೈರಂ ಲಿಯೊನಾರ್ಡ್‌ನ ಕೋಲುಗಳಲ್ಲಿ 1875, 1878ರ ಪೇಟೆಂಟುಗಳ ಮುದ್ರೆ ಕಾಣುತ್ತದೆ. ಆ ಕೋಲು ಆ ವರ್ಷಕ್ಕಿಂತ ಮುಂಚಿನದಲ್ಲವೆಂದಷ್ಟೇ ಅದರಿಂದ ಸಿದ್ಧವಾಗುತ್ತದೆ. ಎಷ್ಟು ಈಚಿನದೆಂದು ಅದು ಹೇಳದು.

ದಾರ ಹಾಯುವ ಬಳೆಗಳೂ ಕಾಲಸೂಚಕಗಳು. ಹಳೆಯ ಕೋಲುಗಳಲ್ಲಿ ಸಡಿಲವಾಗಿ ತೂಗುವ ಪುಟ್ಟ ಉಂಗುರಗಳಿದ್ದವು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಹಾವಿನಂತೆ ತಿರುಚಿದ ತಂತಿಯ ಬಳೆಗಳು ಬಂದವು. ಸರೇಸಿನ ಮೇಲೆ ಪೂರ್ಣ ಭರವಸೆಯಿಲ್ಲದ ಕಾಲದಲ್ಲಿ ಇಂಚು ಇಂಚಿಗೂ ರೇಷ್ಮೆಯ ಸುತ್ತು ಹಾಕುತ್ತಿದ್ದರು. ಅಂಟು ಸುಧಾರಿಸಿದಂತೆ ಸುತ್ತುಗಳು ಕಡಮೆಯಾದವು. ಆದರೂ ಕೇವಲ ಶೋಭೆಗಾಗಿ ಅವನ್ನು ಉಳಿಸಿಕೊಂಡ ತಯಾರಕರಿದ್ದರು. ಆದಕಾರಣ ಯಾವ ಒಂದು ಗುರುತೂ ಅಂತಿಮವಲ್ಲ. ನಾಲ್ಕಾರು ಗುರುತುಗಳು ಒಂದೇ ದಿಕ್ಕಿಗೆ ಬೆರಳು ತೋರಬೇಕು.

ಗುರುವೂ ಶಿಷ್ಯರೂ

ಅಮೆರಿಕದ ಕೋಲುಗಳ ವಂಶವೃಕ್ಷದ ಬೇರು ಲಿಯೊನಾರ್ಡ್‌ನ ಕಾರ್ಯಾಗಾರದಲ್ಲಿದೆ. ಮೇನ್ ರಾಜ್ಯದ ಬ್ಯಾಂಗರ್ ಪಟ್ಟಣದಲ್ಲಿ ಬಂದೂಕುಗಳನ್ನು ಮಾಡುತ್ತಿದ್ದ ಆತ 1870ರ ಸುಮಾರಿಗೆ ಕೋಲುಗಳತ್ತ ಹೊರಳಿದನು. ದಬ್ಬೆ ಹೆರೆಯುವ ಯಂತ್ರವನ್ನು ನಿರ್ಮಿಸಿ ಅದನ್ನು ಬೀಗ ಹಾಕಿದ ಕೋಣೆಯಲ್ಲಿಟ್ಟು ಕಾಪಾಡುತ್ತಿದ್ದನೆಂದು ಪ್ರತೀತಿ. 1881ರಲ್ಲಿ ಕಾರ್ಯಾಗಾರ ನ್ಯೂಯಾರ್ಕ್ ರಾಜ್ಯದ ಸೆಂಟ್ರಲ್ ವ್ಯಾಲಿಗೆ ಸ್ಥಳಾಂತರವಾಯಿತು. ಆತನಲ್ಲಿ ದುಡಿದ ಫ್ರೆಡ್ ಥಾಮಸ್, ಯೂಸ್ಟಿಸ್ ಎಡ್ವರ್ಡ್ಸ್, ಎಡ್ವರ್ಡ್ ಪೇನ್ ಎಂಬ ಮೂವರು ಹೊರಬಂದು 1890ರ ಸುಮಾರಿಗೆ ‘ಕಾಸ್ಮಿಕ್’ ಎಂಬ ಹೆಸರಿನ ಕೋಲುಗಳನ್ನು ತಯಾರಿಸಿದರು; ಅನಂತರ ತಂತಮ್ಮ ದಾರಿ ಹಿಡಿದು ತಮ್ಮದೇ ಹೆಸರುಗಳನ್ನು ಸ್ಥಾಪಿಸಿಕೊಂಡರು. ಪೇನ್‌ನ ಮಗ ಜಿಮ್ ಪೇನ್ 1968ರಲ್ಲಿ ನಿಧನನಾಗುವವರೆಗೂ ಆ ಮನೆತನದ ಕೀರ್ತಿ ಕುಂದಲಿಲ್ಲ. ಈ ಶಿಷ್ಯರ ಆರಂಭದ ಕೆಲಸವೆಲ್ಲ ಗುರುವಿನ ಮುದ್ರೆಯಡಿಯಲ್ಲಿ ಅಡಗಿದೆ. ಲಿಯೊನಾರ್ಡ್ ಎಂದು ಬರೆದಿರುವ ಕೋಲನ್ನು ಹೆರೆದ ಕೈ ನಿಜವಾಗಿ ಯಾರದು? ಈ ಪ್ರಶ್ನೆಗೆ ಅನೇಕ ವೇಳೆ ಉತ್ತರವಿಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನ ಎವರೆಟ್ ಗ್ಯಾರಿಸನ್ ಎಂಬ ಎಂಜಿನಿಯರನದು. ಕೋಲಿನ ಬಾಗನ್ನು ಗಣಿತದಿಂದ ಲೆಕ್ಕಹಾಕಿ, ಆತ ತನ್ನ ಕೈಯಿಂದಲೇ ಕೋಲುಗಳನ್ನು ಮಾಡಿದನು. ಅವುಗಳ ಸಂಖ್ಯೆ ಏಳುನೂರನ್ನೂ ಮುಟ್ಟಲಿಲ್ಲ. ತಿಳಿಹುಲ್ಲಿನ ಬಣ್ಣದ ಬಿದಿರು, ವಾರ್ನಿಷಿನಡಿ ಪಾರದರ್ಶಕವಾಗುವ ಬಿಳಿಯ ರೇಷ್ಮೆ, ಶಾಯಿಯಲ್ಲಿ ಬರೆದ ಹೆಸರು—ಇವು ಆತನ ಗುರುತು. 1975ರಲ್ಲಿ ಆತ ತೀರಿಕೊಂಡ ಮೇಲೆ ಶಿಷ್ಯನಾದ ಹೋಗಿ ಕಾರ್ಮೈಕಲ್ ಆ ವಿದ್ಯೆಯನ್ನು 1977ರಲ್ಲಿ ಗ್ರಂಥರೂಪಕ್ಕೆ ತಂದನು.

ಇಂಗ್ಲೆಂಡಿನಲ್ಲಿ ಅಗ್ರಸ್ಥಾನ ಹಾರ್ಡಿ ಸಹೋದರರದು. 1872ರಲ್ಲಿ ನಾರ್ತಂಬರ್‌ಲೆಂಡಿನ ಆನ್‌ವಿಕ್ ಪಟ್ಟಣದಲ್ಲಿ ಆರಂಭವಾದ ಈ ಸಂಸ್ಥೆಯ ಸೀಳುಬಿದಿರಿನ ಕೋಲುಗಳ ಮೇಲೆ ‘ಪಲಕೋನ’ ಎಂಬ ವ್ಯಾಪಾರನಾಮವೂ ಕ್ರಮಸಂಖ್ಯೆಯೂ ಇರುತ್ತವೆ. ಆ ಸಂಖ್ಯೆಯ ನೆರವಿನಿಂದ ತಯಾರಾದ ಕಾಲವನ್ನು ಹೆಚ್ಚುಕಡಮೆ ನಿರ್ಧರಿಸಬಹುದು.

ಹೆಸರಿನ ಮರೆಯಲ್ಲಿ

ಎಲ್ಲ ಕೋಲುಗಳೂ ಇಂತಹ ಮಹನೀಯರವಲ್ಲ. ಮಸಾಚುಸೆಟ್ಸಿನ ಮಾಂಟೆಗ್ಯೂ, ಯುಟಿಕಾದ ಹೊರಾಕ್ಸ್-ಇಬಟ್ಸನ್, ಸೌತ್ ಬೆಂಡ್ ಮುಂತಾದ ಕಾರ್ಖಾನೆಗಳು ಜನಸಾಮಾನ್ಯರ ಕೈಗೆಟಕುವ ಕೋಲುಗಳನ್ನು ಅಪಾರ ಸಂಖ್ಯೆಯಲ್ಲಿ ತಯಾರಿಸಿದವು. ಇಂತಹ ಕಾರ್ಖಾನೆಗಳ ಕೋಲುಗಳು ಅಂಗಡಿಗಳ ಹೆಸರಿನಲ್ಲಿಯೂ ಮಾರಾಟವಾಗುತ್ತಿದ್ದುದರಿಂದ ಕೋಲಿನ ಮೇಲಿನ ಹೆಸರು ಮಾರಿದವನದಿರಬಹುದು, ಮಾಡಿದವನದಲ್ಲ. ಆಗ ಫೆರೂಲಿನ ಆಕಾರ, ಹಿಡಿಯ ಕಡೆತ, ರೀಲು ಕೂರುವ ಪೀಠ, ಗೆಣ್ಣುಗಳ ಹೊಂದಾಣಿಕೆ, ಐದೈದು ಇಂಚಿಗೊಮ್ಮೆ ಅಳೆದ ದಪ್ಪ—ಇವೇ ಸಾಕ್ಷಿಗಳು. ಕೆಲವೊಮ್ಮೆ ಹೆಸರಿನ ಬದಲಾವಣೆಯೂ ನೆರವಾಗುತ್ತದೆ. ಡೆನ್ವರಿನ ಗ್ರೇಂಜರ್ ಕೋಲುಗಳನ್ನು 1946ರಿಂದ ರೈಟ್ ಮತ್ತು ಮೆಗಿಲ್ ಸಂಸ್ಥೆ ತಯಾರಿಸಿದ್ದರಿಂದ, ಜೋಡಿಹೆಸರಿದ್ದರೆ ಕೋಲು ಆ ಬಳಿಕದ್ದು.

1950ರಲ್ಲಿ ಅಮೆರಿಕ ಚೀನದ ಸರಕನ್ನು ನಿಷೇಧಿಸಿದಾಗ ಟಾಂಕಿನ್ ಬಿದಿರಿನ ಆಮದು ನಿಂತಿತು. ದಾಸ್ತಾನಿದ್ದವರು ಮುಂದುವರಿದರು; ಉಳಿದ ಮಾರುಕಟ್ಟೆಯನ್ನು ಗಾಜಿನ ನಾರಿನ ಅಗ್ಗದ ಕೋಲುಗಳು ವಶಪಡಿಸಿಕೊಂಡವು. ಸೀಳುಬಿದಿರಿನ ವ್ಯಾಪಕ ತಯಾರಿಕೆಯ ಯುಗ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು.

ಕೈಗೆ ಸಿಕ್ಕಾಗ

ನಮ್ಮ ದೇಶದಲ್ಲಿಯೂ ಇಂತಹ ಕೋಲುಗಳು ಸಿಗಬಾರದೆಂದಿಲ್ಲ. ಬ್ರಿಟಿಷರು ಕಾಶ್ಮೀರದ ಹೊಳೆಗಳಲ್ಲಿಯೂ ನೀಲಗಿರಿಯಲ್ಲಿಯೂ ಟ್ರೌಟ್ ಮೀನನ್ನು ಬೆಳೆಸಿದ್ದರು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥ 1873ರಲ್ಲಿ ಮಂಗಳೂರಿನಲ್ಲಿಯೇ ಪ್ರಕಟವಾಯಿತು. ಬೆಟ್ಟದ ಬಂಗಲೆಯಲ್ಲಾಗಲಿ ಮುಂಬಯಿಯ ಚೋರ್ ಬಜಾರಿನ ಹಳೆಯ ಸಾಮಾನಿನ ರಾಶಿಯಲ್ಲಾಗಲಿ ಒಂದು ಕೋಲು ಎದುರಾದರೆ ಕೆಲವು ಮಾತುಗಳನ್ನು ನೆನಪಿಡುವುದೊಳಿತು.

ಮೊದಲನೆಯದಾಗಿ, ಏನನ್ನೂ ಉಜ್ಜಬಾರದು. ಹಿಡಿಯ ಮೇಲ್ಭಾಗದ ಚಪ್ಪಟೆ ಮುಖಗಳನ್ನು ಓರೆಬೆಳಕಿನಲ್ಲಿ ಭೂತಗನ್ನಡಿಯಿಂದ ನೋಡಬೇಕು. ಮಾಸಿದ ಶಾಯಿ ಅಲ್ಲಿ ಉಳಿದಿರಬಹುದು. ಎರಡನೆಯದಾಗಿ, ಬಿಗಿದುಕೊಂಡ ಫೆರೂಲನ್ನು ತಿರುಚಬಾರದು. ಬಿದಿರು ಒಳಗೇ ಸೀಳಬಹುದು. ಮೂರನೆಯದಾಗಿ, ತುಂಡುಗಳನ್ನು ಅಕ್ಕಪಕ್ಕ ಇಟ್ಟು ಅಳೆಯಬೇಕು. ಒಳ್ಳೆಯ ಕೋಲಿಗೆ ಸಾಮಾನ್ಯವಾಗಿ ಎರಡು ತುದಿತುಂಡುಗಳಿದ್ದು ಅವು ಸಮನಾಗಿರುತ್ತವೆ. ಒಂದು ಗಿಡ್ಡವಾಗಿದ್ದರೆ ಎಂದೋ ಮುರಿದಿದೆಯೆಂದರ್ಥ. ಬೆಲೆಯೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಕೊನೆಯದಾಗಿ, ಚೀಲವನ್ನೂ ಲೋಹದ ಕೊಳವೆಯನ್ನೂ ಬಿಸಾಡಬಾರದು. ಮೈಮೇಲೆ ಅಳಿದ ಹೆಸರು ಅಲ್ಲಿ ಹೊಲಿದಿರಬಹುದು. ಆದರೆ ಒಬ್ಬನ ಚೀಲದಲ್ಲಿ ಇನ್ನೊಬ್ಬನ ಕೋಲು ಸೇರುವುದೂ ಉಂಟಾದ್ದರಿಂದ ಎರಡನ್ನೂ ತಾಳೆನೋಡಬೇಕು.

ಇಷ್ಟೆಲ್ಲ ಪರೀಕ್ಷಿಸಿದ ಮೇಲೂ ಹಲವು ಕೋಲುಗಳು ಅನಾಮಧೇಯವಾಗಿಯೇ ಉಳಿಯುತ್ತವೆ. ಅದರಿಂದ ನಿರಾಶೆ ಬೇಕಿಲ್ಲ. ದಬ್ಬೆಗಳ ನಡುವೆ ಕೂದಲೆಳೆಯಷ್ಟೂ ಬಿರುಕಿಲ್ಲದೆ ನೂರು ವರ್ಷ ನಿಂತ ಕೋಲನ್ನು ಕೈಯಲ್ಲಿ ಹಿಡಿದವನಿಗೆ, ಅದನ್ನು ಮಾಡಿದವನ ಹೆಸರು ತಿಳಿಯದಿದ್ದರೂ ಆತ ಎಂತಹ ಕೆಲಸಗಾರನೆಂಬುದು ತಿಳಿದೇ ತಿಳಿಯುತ್ತದೆ. ಹೆಸರು ಸಿಕ್ಕುವ ತನಕ ಕೋಲನ್ನು ಇದ್ದಂತೆಯೇ ಕಾಪಾಡುವುದು ಅದನ್ನು ಪಡೆದವರ ಕರ್ತವ್ಯ.