ಕೋಶಗಳು ಕೈ ಬಿಡುವ ಹೊತ್ತು

ಕೋಳಿ ಕಾವಿಗೆ ಕೂತರೆ ಮರಿ ಹೊರಬರಲು 21 ದಿನ. ಇದಕ್ಕೆ ಪುಸ್ತಕ ಬೇಕಿಲ್ಲ, ಹಿತ್ತಲಲ್ಲಿ ಕೋಳಿ ಸಾಕಿದ ಅಜ್ಜಿಯನ್ನು ಕೇಳಿದರೆ ಸಾಕು. ಆದರೆ ಆ 21 ದಿನಗಳಲ್ಲಿ ಮೊಟ್ಟೆಯೊಳಗೆ ದೊಡ್ಡ ಗಡಿಬಿಡಿ ಶುರುವಾಗುವುದು ಯಾವಾಗ ಗೊತ್ತೇ? ಮೊದಲ ದಿನವೇ! ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಮೊಟ್ಟೆ ಒಡೆದಾಗ ಹಳದಿಯ ಮೇಲೆ ಬೆಳ್ಳನೆಯ ಸಣ್ಣ ಚುಕ್ಕಿ ಕಾಣುತ್ತದಲ್ಲ, ಮರಿಯಾಗುವುದು ಅದೇ. (ಅಂಗಡಿಯ ಫಾರಂ ಮೊಟ್ಟೆಗೆ ಕಾವು ಕೊಟ್ಟು ಕಾಯಬೇಡಿ ಮಕ್ಕಳೇ. ಹುಂಜದ ಸಂಗವಿಲ್ಲದ ಕೋಳಿಯ ಮೊಟ್ಟೆ ಅದು, ಮರಿಯಾಗದು.) ಮರಿಯಾಗುವ ಮೊಟ್ಟೆಯಾದರೆ, ಕೋಳಿ ಅದನ್ನು ಇಡುವ ಹೊತ್ತಿಗೇ ಆ ಚುಕ್ಕಿಯಲ್ಲಿ ಹತ್ತಾರು ಸಾವಿರ ಜೀವಕೋಶಗಳಿರುತ್ತವೆ. ಎಲ್ಲವೂ ಒಂದಕ್ಕೊಂದು ಅಂಟಿಕೊಂಡು ದೋಸೆಯ ಹಾಗೆ ತೆಳ್ಳಗೆ ಹರಡಿರುತ್ತವೆ. ಈ ದೋಸೆಯಿಂದ ಬೆನ್ನು, ರೆಕ್ಕೆ, ಕರುಳು, ಗುಂಡಿಗೆ ಎಲ್ಲ ಇರುವ ಮರಿ ಆಗುವುದು ಹೇಗೆ?

ಮೊದಲು ಅಂಟಿನ ವಿಷಯ ನೋಡೋಣ. ಕೋಶಗಳ ಮೈಮೇಲೆ ಪುಟ್ಟ ಕೈಗಳಂಥ ಪ್ರೊಟೀನುಗಳಿವೆ. ಒಂದು ಕೋಶದ ಕೈ ಪಕ್ಕದ ಕೋಶದ ಕೈಯನ್ನು ಹಿಡಿದುಕೊಳ್ಳುತ್ತದೆ. ಇದನ್ನು ಕಂಡುಹಿಡಿದವರು ಜಪಾನಿನ ಮಸಾತೋಶಿ ತಾಕೇಯಿಚಿ. 1970ರ ದಶಕದಲ್ಲಿ ಅವರು ಕ್ಯೋಟೋದಿಂದ ಅಮೆರಿಕದ ಬಾಲ್ಟಿಮೋರ್‌ಗೆ ಹೋಗಿ ಕೆಲಸ ಮಾಡುತ್ತಿದ್ದರು. ಟ್ರಿಪ್ಸಿನ್ ಎಂಬ ಜೀರ್ಣರಸ ಹಾಕಿ ಕೋಶಗಳನ್ನು ಬಿಡಿಬಿಡಿ ಮಾಡುವುದು, ಅವು ಮತ್ತೆ ಹೇಗೆ ಅಂಟಿಕೊಳ್ಳುತ್ತವೆ ಎಂದು ನೋಡುವುದು ಅವರ ಪ್ರಯೋಗ. ಕ್ಯೋಟೋದಲ್ಲಿ ಸಲೀಸಾಗಿ ಅಂಟಿಕೊಳ್ಳುತ್ತಿದ್ದ ಕೋಶಗಳು ಇಲ್ಲಿ ಜಪ್ಪಯ್ಯ ಅಂದರೂ ಅಂಟಲಿಲ್ಲ. ಹುಡುಕಿ ನೋಡಿದರೆ, ಬಾಲ್ಟಿಮೋರಿನ ಟ್ರಿಪ್ಸಿನ್ನಿನಲ್ಲಿ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವ ಇನ್ನೊಂದು ರಾಸಾಯನಿಕ ಬೆರೆತಿತ್ತು! ಕ್ಯಾಲ್ಸಿಯಂ ಎಂದರೆ ನಮ್ಮ ಸುಣ್ಣದಲ್ಲಿರುವ ಅಂಶವೇ. ಅದಿದ್ದರೆ ಕೋಶದ ಕೈಗಳು ಟ್ರಿಪ್ಸಿನ್ನಿಗೂ ಜಗ್ಗದೆ ಗಟ್ಟಿಯಾಗಿರುತ್ತವೆ. ಇಲ್ಲದಿದ್ದರೆ ಟ್ರಿಪ್ಸಿನ್ ಅವನ್ನು ಕತ್ತರಿಸಿಬಿಡುತ್ತದೆ. ಬಾಟಲಿಯೊಂದು ಬದಲಾದದ್ದರಿಂದ ಸಿಕ್ಕ ಸುಳಿವು ಇದು. 1984ರಲ್ಲಿ ಈ ಪ್ರೊಟೀನಿಗೆ ಕ್ಯಾಡ್ಹೀರಿನ್ ಎಂದು ಹೆಸರಿಟ್ಟರು.

ಆದರೆ ಎಲ್ಲರೂ ಕೈ ಹಿಡಿದುಕೊಂಡೇ ಇದ್ದರೆ ದೋಸೆ ದೋಸೆಯಾಗಿಯೇ ಉಳಿದೀತು. ಕಾವಿನ ಮೊದಲ ದಿನ ಆ ಚುಕ್ಕಿಯ ನಡುವೆ ಒಂದು ಗೆರೆ ಮೂಡುತ್ತದೆ. ಗೆರೆಯ ಹತ್ತಿರ ಬಂದ ಕೋಶಗಳು ಪಕ್ಕದವುಗಳ ಕೈ ಬಿಟ್ಟು ಒಳಕ್ಕೆ ಇಳಿಯುತ್ತವೆ. ಒಳಗೆ ಇಳಿದವುಗಳಿಂದ ಮೂಳೆ, ಸ್ನಾಯು, ಗುಂಡಿಗೆ, ಕರುಳು. ಮೇಲೆ ಉಳಿದವುಗಳಿಂದ ಹೊರಚರ್ಮ ಮತ್ತು ಮಿದುಳು. ಎರಡನೆಯ ದಿನ ಗುಂಡಿಗೆ ಮಿಡಿಯತೊಡಗುತ್ತದೆ. ನಾವು ನೀವೂ ತಾಯಿಯ ಹೊಟ್ಟೆಯಲ್ಲಿ ಮೂರನೆಯ ವಾರದಲ್ಲಿ ಇಂಥದೇ ಗೆರೆಯನ್ನು ದಾಟಿ ಬಂದವರು.

ಯಾವಾಗ ಕೈ ಬಿಡಬೇಕೆಂದು ಕೋಶಕ್ಕೆ ಹೇಳುವವರು ಯಾರು? ಕೋಶಗಳೇ ಸುರಿಸುವ ಗ್ರೋತ್ ಫ್ಯಾಕ್ಟರ್ ಎಂಬ ಪ್ರೊಟೀನುಗಳು. ಹೆಸರಿನಲ್ಲಿ ಬೆಳವಣಿಗೆ ಇದೆ, ಆದರೆ ಬೆಳೆಸುವುದೊಂದೇ ಅವುಗಳ ಕೆಲಸವಲ್ಲ. ಓಲೆಕಾರರಂತೆ ಸುದ್ದಿ ಮುಟ್ಟಿಸುವುದು ಅವುಗಳ ನಿಜವಾದ ಕಸುಬು. ಗೆರೆಯ ಬಳಿಯ ಓಲೆಕಾರನ ಹೆಸರು ಎಫ್‌ಜಿಎಫ್. ಕೋಶದ ಮೈಮೇಲೆ ಅದನ್ನು ಕೇಳಿಸಿಕೊಳ್ಳುವ ಕಿವಿಯಂಥ ಪ್ರೊಟೀನ್ ಬೇರೆ ಇದೆ. ಕಿವಿಗೆ ಬಿದ್ದ ಸುದ್ದಿ ಕೈಯಿಂದ ಕೈಗೆ ದಾಟಿ ಕೋಶಕೇಂದ್ರವನ್ನು ಸೇರುತ್ತದೆ. ಅಲ್ಲಿ ಸ್ನೇಲ್ ಎಂಬ ಜೀನ್ ಎಚ್ಚರಗೊಂಡು, ಕ್ಯಾಡ್ಹೀರಿನ್ ತಯಾರಿಸುವ ಜೀನಿನ ಬಾಯಿ ಮುಚ್ಚಿಸುತ್ತದೆ. ಹೊಸ ಕೈಗಳು ಹುಟ್ಟುವುದು ನಿಲ್ಲುತ್ತದೆ, ಹಿಡಿತ ಸಡಿಲವಾಗುತ್ತದೆ.

ಈ ಸುದ್ದಿ ಕೇಳಿಸದೆ ಹೋದರೆ? ಕೆನಡಾದ ಟೊರಾಂಟೋದಲ್ಲಿ ಬ್ರಯನ್ ಸಿರೂನಾ ಮತ್ತು ಜಾನೆಟ್ ರೊಸಾಂಟ್ ಇಲಿಗಳಲ್ಲಿ ಇದನ್ನೇ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದರು. ಎಫ್‌ಜಿಎಫ್ ಕೇಳುವ ಕಿವಿಯೇ ಇಲ್ಲದ ಭ್ರೂಣಗಳಲ್ಲಿ ಕೋಶಗಳು ಗೆರೆಯ ತನಕ ಬಂದವು, ಅಲ್ಲೇ ಗುಂಪುಗಟ್ಟಿ ನಿಂತವು. ಬಸ್ಸಿನ ಬಾಗಿಲಲ್ಲಿ ಕೈಕೈ ಹಿಡಿದು ನಿಂತು ಯಾರೂ ಹತ್ತದ ಮಕ್ಕಳ ಹಾಗೆ. ಸ್ನೇಲ್ ಏಳಲಿಲ್ಲ, ಕ್ಯಾಡ್ಹೀರಿನ್ ಕಡಿಮೆಯಾಗಲಿಲ್ಲ. ಅಂಥ ಭ್ರೂಣ ಉಳಿಯುವುದಿಲ್ಲ.

ಕ್ಯಾಡ್ಹೀರಿನ್‌ನಲ್ಲೂ ಹಲವು ಬಗೆ. ಒಂದೇ ಬಗೆಯವು ಪರಸ್ಪರ ಚೆನ್ನಾಗಿ ಹಿಡಿದುಕೊಳ್ಳುತ್ತವೆ. ಬೆನ್ನಿನ ಮೇಲಿನ ಹಾಳೆ ಮಡಚಿ ಮಿದುಳು, ಬೆನ್ನುಹುರಿಯ ಕೊಳವೆಯಾಗುವಾಗ ಆ ಕೋಶಗಳು ಹಳೆಯ ಕೈ ತೆಗೆದು ಹೊಸ ಬಗೆಯ ಕೈ ತೊಡುತ್ತವೆ. ಚರ್ಮವಾಗುವ ಕೋಶಗಳು ಹಳೆಯದನ್ನೇ ಇಟ್ಟುಕೊಳ್ಳುತ್ತವೆ. ಹಾಗಾಗಿ ಎರಡೂ ಬೇರೆ ಬೇರೆಯಾಗುತ್ತವೆ. ಮನುಷ್ಯರಲ್ಲಿ ಈ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ನಿಂತ ಸುಮಾರು 28 ದಿನಗಳೊಳಗೆ. ತಾನು ಬಸುರಿ ಎಂದು ಎಷ್ಟೋ ಹೆಣ್ಣುಮಕ್ಕಳಿಗೆ ಅಷ್ಟರಲ್ಲಿ ಗೊತ್ತೇ ಆಗಿರುವುದಿಲ್ಲ. ಫೋಲಿಕ್ ಆ್ಯಸಿಡ್ ಮಾತ್ರೆಯನ್ನು ಗರ್ಭ ನಿಲ್ಲುವ ಮುಂಚಿನಿಂದಲೇ ತೆಗೆದುಕೊಳ್ಳಿ ಎಂದು ವೈದ್ಯರು ಹೇಳುವುದು ಇದಕ್ಕೇ. ಅದು ಅಂಟೇನಲ್ಲ, ಕೋಶಗಳು ಹೆಚ್ಚಲು ಬೇಕಾದ ವಿಟಮಿನ್. ಕೊಳವೆ ಮುಚ್ಚದೆ ಉಳಿಯುವ ಅಪಾಯವನ್ನು ಅದು ಬಹಳಷ್ಟು ತಗ್ಗಿಸುತ್ತದೆ.

ದೊಡ್ಡವರಾದ ಮೇಲೂ ಈ ವಿದ್ಯೆ ಮರೆತುಹೋಗಿರುವುದಿಲ್ಲ. ಕೆಲವು ಕ್ಯಾನ್ಸರ್‌ಗಳಲ್ಲಿ ಸ್ನೇಲ್ ಅವೇಳೆಯಲ್ಲಿ ಎದ್ದು, ಕೋಶಗಳು ಕೈ ಬಿಟ್ಟು ಬೇರೆ ಕಡೆ ಹರಡಲು ದಾರಿ ಮಾಡಿಕೊಡುತ್ತದೆ. ಅದೇ ವಿದ್ಯೆ ಒಳ್ಳೆಯದಕ್ಕೂ ಬರುತ್ತದೆ. ಆಟದಲ್ಲಿ ಬಿದ್ದು ಮೊಣಕಾಲು ತರಚಿದಾಗ ಗ್ರೋತ್ ಫ್ಯಾಕ್ಟರ್ ಸುದ್ದಿ ಮುಟ್ಟಿಸುತ್ತದೆ. ಗಾಯದ ಅಂಚಿನ ಕೋಶಗಳು ಹಿಡಿತ ಸಡಿಲಿಸಿ ಮುಂದೆ ತೆವಳುತ್ತವೆ, ಎದುರು ದಿಕ್ಕಿನಿಂದ ಬಂದವುಗಳನ್ನು ಸೇರಿ ಮತ್ತೆ ಕೈ ಹಿಡಿಯುತ್ತವೆ. ಹಕ್ಕಳೆ ಕೀಳಬೇಡವೋ ಎಂದು ಅಜ್ಜಿ ಗದರುವಾಗ, ಹಕ್ಕಳೆಯ ಅಡಿಯಲ್ಲಿ ಈ ತೆವಳುವ ಕೆಲಸ ನಡೆಯುತ್ತಲೇ ಇರುತ್ತದೆ.