ಬೆನ್ನುಮೂಳೆಯ ಚಿಕಿತ್ಸೆ: ಬೋರ್ಡು ಹಾಕುವ ಮುನ್ನ

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದ ಮಕ್ಕಳಿರುವ ಮನೆಗಳಲ್ಲಿ ಪ್ರತಿವರ್ಷ ಒಂದೇ ಚರ್ಚೆ. ಎಂಬಿಬಿಎಸ್ ಸೀಟು ಸಿಗದಿದ್ದರೆ ಮುಂದೇನು? ನರ್ಸಿಂಗ್, ಆಯುರ್ವೇದ, ಫಾರ್ಮಸಿ, ಫಿಸಿಯೋಥೆರಪಿ ಎಂದು ಪಟ್ಟಿ ಬೆಳೆಯುತ್ತದೆ. ಈಗ ಅದಕ್ಕೆ ಕೈರೋಪ್ರಾಕ್ಟಿಕ್ ಎಂಬ ಹೆಸರೂ ಸೇರಿಕೊಂಡಿದೆ. ಮೊಬೈಲಿನ ವಿಡಿಯೋಗಳಲ್ಲಿ ನೋಡಿರುತ್ತೀರಿ: ಚಿಕಿತ್ಸಕ ರೋಗಿಯ ಕತ್ತನ್ನು ಸರಕ್ಕನೆ ತಿರುಗಿಸುತ್ತಾನೆ, 'ಲಟಕ್' ಎಂಬ ಸದ್ದು ಕೇಳುತ್ತದೆ, ರೋಗಿ ನಗುತ್ತಾ ಎದ್ದು ಕೂರುತ್ತಾನೆ. ಇದನ್ನು ಕಲಿತು ಊರಿನಲ್ಲೇ ಒಂದು ಕ್ಲಿನಿಕ್ ತೆರೆದರೆ ಹೇಗೆ ಎಂಬ ಆಸೆ ಹುಟ್ಟುವುದು ಸಹಜ.

ಆಸೆ ತಪ್ಪಲ್ಲ. ಆದರೆ ಬೋರ್ಡು ಬರೆಸುವ ಮೊದಲು ತಿಳಿದಿರಬೇಕಾದ ಸಂಗತಿಗಳು ಹಲವಿವೆ.

ಸದ್ದಿನ ಹಿಂದಿನ ಕಥೆ

ಕೈರೋಪ್ರಾಕ್ಟಿಕ್ ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದ ಡೆವನ್‌ಪೋರ್ಟ್ ಪಟ್ಟಣದಲ್ಲಿ, 1895ರಲ್ಲಿ. ಅದನ್ನು ಆರಂಭಿಸಿದ ಡಿ.ಡಿ. ಪಾಮರ್ ಎಂಬಾತ ಪರವಾನಗಿ ಇಲ್ಲದೆ ಚಿಕಿತ್ಸೆ ನೀಡಿದ ಆರೋಪದ ಮೇಲೆ 1906ರಲ್ಲಿ ಜೈಲು ಸೇರಬೇಕಾಯಿತು. ಅಮೆರಿಕದ ರಾಜ್ಯಗಳ ಪೈಕಿ ಈ ವೃತ್ತಿಗೆ ಮೊದಲು ಪರವಾನಗಿ ಕಾನೂನು ಮಾಡಿದ್ದು 1913ರಲ್ಲಿ ಕ್ಯಾನ್ಸಸ್. ಕೊನೆಯದು 1974ರಲ್ಲಿ ಲೂಯಿಸಿಯಾನಾ. ಒಂದು ವೃತ್ತಿಗೆ ಕಾನೂನಿನ ಮಾನ್ಯತೆ ಸಿಗಲು ಅಷ್ಟು ವರ್ಷ ಹಿಡಿಯಿತು.

ಆ 'ಲಟಕ್' ಸದ್ದು ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ಕೀಲಿನೊಳಗಿನ ದ್ರವದ ಒತ್ತಡ ಥಟ್ಟನೆ ತಗ್ಗಿದಾಗ ಅನಿಲದ ಗುಳ್ಳೆ ಉಂಟಾಗುತ್ತದೆ, ಸದ್ದು ಬರುವುದು ಆಗ. ಬೆರಳಿನ ನೆಟಿಗೆ ಮುರಿದಾಗ ಆಗುವುದೂ ಇದೇ. ಕೆಲವು ಬಗೆಯ ಸೊಂಟ ನೋವಿಗೆ ಇಂಥ ಚಿಕಿತ್ಸೆಯಿಂದ ಸ್ವಲ್ಪ ಉಪಶಮನ ಸಿಗುತ್ತದೆ. ಆದರೆ ಸದ್ದು ಜೋರಾದಷ್ಟೂ ಗುಣ ಹೆಚ್ಚು ಎಂಬುದು ಬರೀ ಭ್ರಮೆ.

ನಮ್ಮಲ್ಲಿ ಕಾನೂನು ಏನು?

ಭಾರತದಲ್ಲಿ ಕೈರೋಪ್ರಾಕ್ಟಿಕ್‌ಗೆಂದೇ ಪ್ರತ್ಯೇಕ ಶಾಸನಬದ್ಧ ಮಂಡಳಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಪೂರ್ಣ ಪ್ರಮಾಣದ ಕೈರೋಪ್ರಾಕ್ಟಿಕ್ ಶಿಕ್ಷಣವೆಂದರೆ ನಾಲ್ಕು ವರ್ಷ, ಕನಿಷ್ಠ 4,200 ಗಂಟೆಗಳ ಕಲಿಕೆ. ಅದರಲ್ಲಿ 1,000 ಗಂಟೆ ಹಿರಿಯರ ಕಣ್ಗಾವಲಿನಲ್ಲಿ ರೋಗಿಗಳಿಗೆ ಚಿಕಿತ್ಸೆ. ಶನಿವಾರ, ಭಾನುವಾರ ತರಗತಿ ನಡೆಸಿ ಕೊಡುವ ಪ್ರಮಾಣಪತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಗೋಡೆಗೆ ತೂಗುಹಾಕಲು ಅದು ಚೆನ್ನಾಗಿದ್ದೀತು. ನಾಳೆ ರೋಗಿಗೆ ತೊಂದರೆಯಾದರೆ ಕಾಪಾಡದು.

ನಮ್ಮ ಮಕ್ಕಳಿಗೆ ಇರುವ ಭದ್ರವಾದ ದಾರಿ ಫಿಸಿಯೋಥೆರಪಿ ಪದವಿ. ಕೈಯಿಂದ ಕೀಲುಗಳನ್ನು ಸಡಿಲಿಸುವ ವಿದ್ಯೆ ಅದರಲ್ಲೂ ಇದೆ, ಅದರ ಜೊತೆಗೆ ಅಂಗರಚನೆ, ನರವಿಜ್ಞಾನ, ವ್ಯಾಯಾಮ ಚಿಕಿತ್ಸೆಯ ಗಟ್ಟಿ ತಳಹದಿಯೂ ಇದೆ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ ಈ ವೃತ್ತಿಯನ್ನು ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ನಾಲ್ಕೂವರೆ ವರ್ಷವಿದ್ದ ಪದವಿಯನ್ನು 2025ರಲ್ಲಿ ಪ್ರಕಟವಾದ ರಾಷ್ಟ್ರೀಯ ಪಠ್ಯಕ್ರಮ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದು ವರ್ಷಕ್ಕೆ ಏರಿಸಿದೆ. ಉಡುಪಿಯವರು ಇದಕ್ಕಾಗಿ ದೂರ ಹೋಗಬೇಕಿಲ್ಲ, ಮಣಿಪಾಲದಲ್ಲೇ ಈ ಪದವಿ ಇದೆ.

ಅಂಬಲಪಾಡಿಯಲ್ಲಿ ಕ್ಲಿನಿಕ್ ತೆರೆದರೆ

ಉದಾಹರಣೆಗೆ, ಪದವಿ ಮುಗಿಸಿದ ಹುಡುಗಿಯೊಬ್ಬಳು ಅಂಬಲಪಾಡಿಯಲ್ಲಿ ಕ್ಲಿನಿಕ್ ತೆರೆಯುತ್ತಾಳೆ ಎಂದಿಟ್ಟುಕೊಳ್ಳೋಣ. ಜಾಗ ಒಳ್ಳೆಯದೇ. ರಾಷ್ಟ್ರೀಯ ಹೆದ್ದಾರಿ 66 ಊರನ್ನು ಹಾದುಹೋಗುತ್ತದೆ. ಒಂದು ಕಡೆ ಉಡುಪಿ ಪೇಟೆ, ಇನ್ನೊಂದು ಕಡೆ ಕಡೆಕಾರು, ಕಿದಿಯೂರು, ಮಲ್ಪೆಯ ಕಡಲ ತೀರ. ಬಲೆ ಎಳೆಯುವವರು, ಬೀಡಿ ಕಟ್ಟುವವರು, ಯಕ್ಷಗಾನದಲ್ಲಿ ರಾತ್ರಿಯಿಡೀ ಕುಣಿಯುವವರು, ಬ್ಯಾಂಕಿನಲ್ಲಿ ದಿನವಿಡೀ ಕೂರುವವರು... ಬೆನ್ನು, ಮಂಡಿ ನೋವಿಗೆ ಇಲ್ಲಿ ಬರಗಾಲವಿಲ್ಲ.

ಆದರೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯೂ ಕುತ್ಪಾಡಿಯ ಆಯುರ್ವೇದ ಆಸ್ಪತ್ರೆಯೂ ಇಲ್ಲಿಂದ ಕೆಲವೇ ಕಿಲೋಮೀಟರು. ಅವುಗಳ ಜೊತೆ ಪೈಪೋಟಿಗೆ ಇಳಿಯುವುದು ಮೂರ್ಖತನ. ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದ ಅಜ್ಜಿಗೆ ದಿನವೂ ಅಷ್ಟು ದೂರ ಹೋಗುವುದು ಕಷ್ಟ. ಆ ಅಜ್ಜಿಗೆ ಹತ್ತಿರದಲ್ಲೇ ಆರೈಕೆ ಕೊಡುವುದು ಚಿಕ್ಕ ಕ್ಲಿನಿಕ್ಕಿನ ಬಲ. ಆದ್ದರಿಂದ ನೆಲ ಅಂತಸ್ತಿನ ಕೋಣೆಯನ್ನೇ ಹಿಡಿಯಬೇಕು. ಮೆಟ್ಟಿಲ ಬದಲು ಇಳಿಜಾರು ಬೇಕು, ರಿಕ್ಷಾ ಬಾಗಿಲವರೆಗೆ ಬರಬೇಕು.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ವ್ಯಾಪ್ತಿಗೆ ಭೌತಚಿಕಿತ್ಸಾ ಕೇಂದ್ರಗಳೂ ಬರುತ್ತವೆ. ಜಿಲ್ಲಾ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಬೇಕು, ದರಪಟ್ಟಿಯನ್ನು ರೋಗಿಗಳಿಗೆ ಕಾಣುವಂತೆ ಹಾಕಬೇಕು. ವೃತ್ತಿ ಹೊಣೆಗಾರಿಕೆಯ ವಿಮೆಯನ್ನೂ ಮೊದಲ ದಿನವೇ ಮಾಡಿಸುವುದು ಲೇಸು.

ಲೆಕ್ಕದ ಪುಸ್ತಕ

ಕಾಲೇಜಿನಲ್ಲಿ ಹೆಚ್ಚಾಗಿ ಹೇಳಿಕೊಡದ ಪಾಠ ಇದು. ಲೆಕ್ಕಕ್ಕಾಗಿ ಹೀಗೆ ಊಹಿಸಿ: ತಿಂಗಳಿಗೆ ಬಾಡಿಗೆ 12,000, ಸಹಾಯಕರ ಸಂಬಳ 12,000, ವಿದ್ಯುತ್ ಇತ್ಯಾದಿ 4,000, ಸಾಲದ ಕಂತು 10,000, ಸ್ವಂತ ಖರ್ಚಿಗೆ 20,000. ಒಟ್ಟು 58,000 ರೂಪಾಯಿ. ಒಂದು ಭೇಟಿಗೆ 300 ರೂಪಾಯಿ ಶುಲ್ಕ, ತಿಂಗಳಿಗೆ 25 ದಿನ ಕೆಲಸ ಎಂದರೆ ದಿನಕ್ಕೆ ಎಂಟು ರೋಗಿಗಳು ಬಂದರೆ ಮಾತ್ರ ಖರ್ಚು ಹುಟ್ಟುತ್ತದೆ. ಮೊದಲ ಆರು ತಿಂಗಳು ದಿನಕ್ಕೆ ಇಬ್ಬರೋ ಮೂವರೋ ಬಂದಾರು. ಅಷ್ಟು ಕಾಲ ತಡೆದುಕೊಳ್ಳುವ ಹಣ ಕೈಯಲ್ಲಿರಬೇಕು. ಕರಾವಳಿಯ ಮಳೆಗಾಲವನ್ನೂ ಮರೆಯಬಾರದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ಮೀನುಗಾರರಿಗೆ ಬಿಡುವಿರುತ್ತದೆ, ಕೈಯಲ್ಲಿ ಕಾಸಿರುವುದಿಲ್ಲ.

ಯಂತ್ರಗಳ ಮೋಹಕ್ಕೆ ಬಿದ್ದು ಸಾಲ ಮಾಡಬೇಡಿ. ಗಟ್ಟಿಯಾದ ಒಂದು ಚಿಕಿತ್ಸಾ ಮಂಚ, ವ್ಯಾಯಾಮದ ಸಾಮಾನು, ಅಗತ್ಯದ ಒಂದೆರಡು ವಿದ್ಯುತ್ ಉಪಕರಣ ಆರಂಭಕ್ಕೆ ಸಾಕು. ಸಾಲ ಬೇಕೇಬೇಕೆಂದರೆ 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಆಧಾರವಿಲ್ಲದೆ ಸಾಲ ಸಿಗುತ್ತದೆ. ಸ್ವ ಉದ್ಯೋಗದ ತರಬೇತಿಗೆ ಬ್ರಹ್ಮಾವರದಲ್ಲಿ ರುಡ್‌ಸೆಟ್ ಸಂಸ್ಥೆ ಇದೆ.

ಈ ವಿಷಯದಲ್ಲಿ ನಮ್ಮೂರಿಗೇ ಒಂದು ಮೇಲ್ಪಂಕ್ತಿ ಇದೆ. ವೈದ್ಯರಾಗಿದ್ದ ಡಾ. ಟಿ.ಎಂ.ಎ. ಪೈ 1925ರಲ್ಲಿ ಸಂಗಡಿಗರೊಂದಿಗೆ ಉಡುಪಿಯಲ್ಲಿ ಕಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1928ರಲ್ಲಿ ಆ ಬ್ಯಾಂಕು ತಂದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಹನಿ ಹನಿಗೂಡಿದರೆ ಹಳ್ಳ ಎಂಬ ಆ ಬುದ್ಧಿ ಹೊಸ ಕ್ಲಿನಿಕ್ಕಿಗೂ ಸಲ್ಲುತ್ತದೆ.

'ನನ್ನಿಂದಾಗದು' ಎನ್ನುವ ಧೈರ್ಯ

ಬೆನ್ನು ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಮೂತ್ರದ ಹಿಡಿತ ತಪ್ಪುವುದು, ಕಾಲಿನ ಬಲ ಕುಂದುವುದು ಕಂಡರೆ ಬೆನ್ನಿಗೆ ಕೈಹಚ್ಚದೆ ಕೂಡಲೇ ಆಸ್ಪತ್ರೆಗೆ ಕಳಿಸಬೇಕು. ಅದು ಬೆನ್ನೆಲುಬಿನ ಕ್ಷಯವಿರಬಹುದು, ಗೆಡ್ಡೆ ಇರಬಹುದು, ನರದ ಮೇಲಿನ ಒತ್ತಡವಿರಬಹುದು. ಕತ್ತನ್ನು ಜೋರಾಗಿ ತಿರುಗಿಸಿದಾಗ ರಕ್ತನಾಳ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ಅಪರೂಪವಾದರೂ ವೈದ್ಯಕೀಯ ದಾಖಲೆಗಳಲ್ಲಿವೆ. ರೋಗಿಯನ್ನು ಕಳಿಸಿಕೊಟ್ಟರೆ ಮುನ್ನೂರು ರೂಪಾಯಿ ಹೋದೀತು, ಆದರೆ ವಿಶ್ವಾಸ ಉಳಿಯುತ್ತದೆ. ಮೂಳೆ ವೈದ್ಯರೂ ಇಂಥವರ ಬಳಿಗೇ ತಮ್ಮ ರೋಗಿಗಳನ್ನು ಕಳಿಸುತ್ತಾರೆ.

ಜಾಹೀರಾತಿನಲ್ಲೂ ನಾಲಿಗೆ ಹಿಡಿತದಲ್ಲಿರಲಿ. ಮಕ್ಕಳ ಆಸ್ತಮಾದಂಥ ಕಾಯಿಲೆಗಳಿಗೂ ಈ ಚಿಕಿತ್ಸೆ ಆಗುತ್ತದೆ ಎಂಬ ಮಾತನ್ನು ಬ್ರಿಟನ್ನಿನ ವಿಜ್ಞಾನ ಲೇಖಕ ಸೈಮನ್ ಸಿಂಗ್ 2008ರಲ್ಲಿ ಪ್ರಶ್ನಿಸಿದರು. ಅಲ್ಲಿನ ಕೈರೋಪ್ರಾಕ್ಟಿಕ್ ಸಂಘ ಅವರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿತು, 2010ರಲ್ಲಿ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಹೋಗಬೇಕಾದ ಮಾನ ವೃತ್ತಿಯದ್ದೇ ಹೋಗಿತ್ತು.

ಪದವಿ ಮುಗಿದ ಕೂಡಲೇ ಅಂಗಡಿ ತೆರೆಯುವ ಆತುರ ಬೇಡ. ಎರಡು ವರ್ಷ ಅನುಭವಿಗಳ ಕೈಕೆಳಗೆ ದುಡಿದರೆ ವಿದ್ಯೆ ಪಕ್ವವಾಗುತ್ತದೆ, ಒಂದಿಷ್ಟು ಬಂಡವಾಳವೂ ಕೂಡುತ್ತದೆ. ತಂದೆ ತಾಯಂದಿರು ಶುಲ್ಕ ಕಟ್ಟುವ ಮೊದಲು ಕಾಲೇಜಿನವರಿಗೆ ಮೂರು ಪ್ರಶ್ನೆ ಕೇಳಲಿ. ಈ ಪದವಿಯನ್ನು ಯಾವ ಮಂಡಳಿ ನೋಂದಾಯಿಸಿಕೊಳ್ಳುತ್ತದೆ? ರೋಗಿಗಳ ಬಳಿ ಎಷ್ಟು ಗಂಟೆ ಕಲಿಕೆ? ಹಿಂದಿನ ವರ್ಷದವರು ಈಗ ಎಲ್ಲಿ ಕೆಲಸದಲ್ಲಿದ್ದಾರೆ? ಮೂರಕ್ಕೂ ನೇರ ಉತ್ತರ ಸಿಕ್ಕಿದರೆ ಮಾತ್ರ ಚೆಕ್ಕಿಗೆ ಸಹಿ ಹಾಕಲಿ.